ನಾಲ್ಕನೆಯ ಲೋಟ ಎಣ್ಣೆ

‘ನನಗೆ ಗೊತ್ತಿಲ್ಲ’ ಎಂಬ ಎರಡು ಶಬ್ದಗಳನ್ನು ನಾನು ಹುಟ್ಟಿದ ಮೇಲೆ ಈ ವರ್ಷದವರೆಗೆ ಬಳಸಿದ ನೆನಪಿಲ್ಲ. ಇದು ಜಂಭವಲ್ಲ, ಅಭ್ಯಾಸ. ಯಾರಾದರೂ ಏನಾದರೂ ಕೇಳಿದರೆ ಮೊದಲು ನನ್ನ ಬಾಯಿ ಉತ್ತರ ಕೊಟ್ಟುಬಿಡುತ್ತದೆ. ಆಮೇಲೆ ನಾನು ಮೊಬೈಲ್ ತೆಗೆದು, ಹೇಳಿದ್ದು ಏನು ಎಂದು ನೋಡಿಕೊಳ್ಳುತ್ತೇನೆ. ಘಾಟ್ಕೋಪರ್ ಸ್ಟೇಷನ್ನಿನಲ್ಲಿ ನನ್ನನ್ನು ಪ್ಲಾಟ್‌ಫಾರ್ಮ್ ಕೇಳಿದ ಹೊಸಬರಲ್ಲಿ ಕೆಲವರು, ಪರೇಲ್‌ಗೆ ಹೊರಟವರು, ಇನ್ನೂ ಎದುರು ದಿಕ್ಕಿನ ಕಲ್ಯಾಣದ ಕಡೆಯೇ ಇರಬಹುದು. ಓದುತ್ತಿರುವುದು ಹನ್ನೆರಡನೆಯ ಕಾಮರ್ಸ್. ಆದರೂ ನಮ್ಮ ಮನೆಯಲ್ಲಿ ಫ್ಯಾನ್ ಕಿರುಗುಟ್ಟಿದರೆ, ಅಮ್ಮನ ಮೊಣಕಾಲು ಕಿರುಗುಟ್ಟಿದರೆ ಮೊದಲ ಅಭಿಪ್ರಾಯ ನನ್ನದೇ. ಹೀಗಿರುವಾಗ ನಮ್ಮ ವ್ಯಾನು ಎಣ್ಣೆ ಸೋರಲು ಶುರು ಮಾಡಿದರೆ ನಾನು ಸುಮ್ಮನಿರುವುದು ಹೇಗೆ?

ವ್ಯಾನು ನನಗಿಂತ ಒಂದು ವರ್ಷ ದೊಡ್ಡದು. ಅಪ್ಪನ ಹೋಟೆಲು ಪರೇಲ್‌ನಲ್ಲಿ. ಇಡ್ಲಿ ಹಿಟ್ಟು ರುಬ್ಬುವುದು ಘಾಟ್ಕೋಪರಿನಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗಿನ ಒಂದು ಗಾಳೆಯಲ್ಲಿ, ಅಂದರೆ ಅಂಗಡಿಕೋಣೆಯಲ್ಲಿ. ಹಿಟ್ಟಿನ ಡ್ರಮ್ಮುಗಳನ್ನು ಬೆಳಿಗ್ಗೆ ಸುಧಾಕರ ಮಾವ, ಅಂದರೆ ಅಮ್ಮನ ತಮ್ಮ, ಈ ವ್ಯಾನಿನಲ್ಲಿ ಸಾಗಿಸುತ್ತಾನೆ. ಸ್ಪೀಡ್ ಬ್ರೇಕರ್‌ಗಳ ಮೇಲೆ ಅಷ್ಟು ವರ್ಷ ಚೆಲ್ಲಿದ ಹಿಟ್ಟಿನಿಂದಾಗಿ ಒಳಗೆ ಕೂತರೆ ನಾವೇ ಹುಳಿ ಬರುತ್ತಿದ್ದೇವೆ ಎನಿಸುತ್ತದೆ. ಇಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಮೇ ತಿಂಗಳಲ್ಲಿ ಕುರ್ಲಾ ದಾಟುವಷ್ಟರಲ್ಲಿ ಮಾವ ಅರ್ಧ ಬೆಂದಿರುತ್ತಾನೆ. ಇಂಥ ಗಾಡಿಯ ಮೇಲೂ ನನಗೆ ಪ್ರೀತಿ ಇತ್ತು, ಕಾರಣವೂ ಇತ್ತು. ನನಗೆ ಹದಿನೆಂಟು ತುಂಬಲು ಎರಡು ತಿಂಗಳು ಬಾಕಿ. ತುಂಬಿದ ದಿನವೇ ಲರ್ನರ್ ಲೈಸೆನ್ಸಿಗೆ ಹೋಗುವುದು, ಈ ವ್ಯಾನಿನಲ್ಲೇ ಕಲಿಯುವುದು ಎಂದು ಅಪ್ಪ ಒಪ್ಪಿಯಾಗಿತ್ತು. ಬಿಲ್ಡಿಂಗಿನ ಹುಡುಗರಿಗೆ ನಾನು ಆಗಲೇ ಗಾಡಿ ಓಡಿಸುತ್ತೇನೆಂದು ಹೇಳಿದ್ದೆ. ಅವರ ಮನಸ್ಸಿನಲ್ಲಿ ನಾನು ಎರಡು ಸಲ ಘಟ್ಟ ಹತ್ತಿ ಲೋಣಾವಳಕ್ಕೆ ಹೋಗಿ ಬಂದವನು.

ಒಂದು ದಿನ ನಮ್ಮ ಪಾರ್ಕಿಂಗಿನಲ್ಲಿ, ವ್ಯಾನಿನ ಕೆಳಗೆ ದೋಸೆಯಷ್ಟು ಅಗಲದ ಕಪ್ಪು ಕಲೆ ಕಾಣಿಸಿತು. ವಾರದಲ್ಲಿ ಅದು ಮಸಾಲೆ ದೋಸೆಯಿಂದ ಪೇಪರ್ ದೋಸೆಯಾಯಿತು. ಸೊಸೈಟಿ ಸೆಕ್ರೆಟರಿ ಮೂಗು ಮುಚ್ಚಿಕೊಂಡು ನೋಡಿ ಹೋದರು. ಅಪ್ಪ ಸೊಂಟಕ್ಕೆ ಕೈ ಇಟ್ಟು ನಿಂತು ಹೇಳಿದರು, “ಇಂಜಿನ್ ಹೋಗಿದ್ರೆ ಇದನ್ನು ಭಂಗಾರಕ್ಕೆ, ಗುಜರಿಗೆ ಹಾಕುವುದೇ. ಇನ್ನು ಇದಕ್ಕೆ ಇಂಜಿನ್ ಕೆಲಸ ಮಾಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಟೆಂಪೋ ಹೇಳಿದ್ರೆ ಆಯ್ತು, ಹಿಟ್ಟು ಮುಟ್ಟಿಸ್ತಾನೆ.”

ಟೆಂಪೋದವನು ನನಗೆ ಡ್ರೈವಿಂಗ್ ಕಲಿಸುವುದಿಲ್ಲ. “ಅಪ್ಪಾ, ನಾನು ಚೆಕ್ ಮಾಡ್ತೇನೆ, ಟೆನ್ಶನ್ ಮತ್ ಲೋ,” ಅಂದೆ.

ಮಾವ ಹಲ್ಲುಕಡ್ಡಿ ತೆಗೆದು ಕೇಳಿದ, “ನಿನಗೆ ಎಂತ ಗೊತ್ತುಂಟು ಮಾರಾಯ? ಮೊನ್ನೆ ಗ್ಯಾಸ್ ಲೈಟರ್ ರಿಪೇರಿ ಮಾಡಿದ್ದಿ. ಈಗ ನಿನ್ನಮ್ಮ ಬೆಂಕಿಪೊಟ್ಟಣ ತರಿಸ್ತಾಳೆ.”

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮಧ್ಯಾಹ್ನ ಮೂರು ತಾಸು ವಿಡಿಯೋ ನೋಡಿ ಕೆಳಗಿಳಿದೆ. ಮೊದಲ ಪರೀಕ್ಷೆ, ಗಾಡಿಯ ಕೆಳಗೆ ಕಾಗದ ಹಾಸಿ ಹನಿ ಎಲ್ಲಿ ಬೀಳುತ್ತದೆ ಎಂದು ನೋಡುವುದು. ಕೈಗೆ ಸಿಕ್ಕಿದ್ದು ಅಪ್ಪ ಇನ್ನೂ ಓದಿರದ ಕನ್ನಡ ಪೇಪರು. ಹನಿ ಎಲ್ಲಿ ಬಿತ್ತೆಂದರೆ, ಮುಖಪುಟದಿಂದ ಮರಣ ಸುದ್ದಿಯವರೆಗೆ ಎಲ್ಲ ಕಡೆ. ಎರಡನೆಯದು ಇನ್ನೂ ವೈಜ್ಞಾನಿಕ. ಇಂಜಿನ್ನನ್ನು ಚೆನ್ನಾಗಿ ಒರೆಸಿ, ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಚಾಲು ಇಡಬೇಕು. ಸೋರುವ ಜಾಗದಲ್ಲಿ ಪೌಡರ್ ಒದ್ದೆಯಾಗಿ ಕಳ್ಳ ತಾನೇ ಸಿಕ್ಕಿಬೀಳುತ್ತಾನೆ. ಅಮ್ಮ ತನ್ನ ಪೌಡರ್ ಡಬ್ಬಿ ಕೊಡಲಿಲ್ಲ. ಗಾಳೆಯಿಂದ ಅಕ್ಕಿಹಿಟ್ಟು ತಂದೆ. ಹತ್ತು ನಿಮಿಷದಲ್ಲಿ ರೊಟ್ಟಿ ಸೀದ ವಾಸನೆ ಎದ್ದು, ಮೊದಲ ಮಹಡಿಯ ಆಂಟಿ ಕಿಟಕಿಯಿಂದ ತಲೆ ಹಾಕಿ, “ಆಜ್ ಕ್ಯಾ ಬನಾ ರಹೇ ಹೋ ಬೇಟಾ?” ಎಂದರು. ಕಳ್ಳ ಒಬ್ಬನೇ ಆಗಿರಲಿಲ್ಲ. ಮೇಲಿನ ಮುಚ್ಚಳದ ಅಂಚು, ಪಕ್ಕ, ಕೆಳಗೆ ಎಲ್ಲ ಕಡೆ ಹಿಟ್ಟು ಅಂಟಾಗಿತ್ತು. ಮೂರನೆಯದು ಹೊಗೆ. ಗೆಳೆಯ ಪ್ರಥಮೇಶನಿಗೆ ಎಕ್ಸಲರೇಟರ್ ಒತ್ತಲು ಹೇಳಿ ಹಿಂದೆ ನಿಂತೆ. ಬಂದದ್ದು ನೀಲಿ ಹೊಗೆ. ನೀಲಿ ಎಂದರೆ ಎಣ್ಣೆ ಒಳಗೇ ಉರಿಯುತ್ತಿದೆ, ಅಂದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಕೊನೆಗೆ, ಎಣ್ಣೆ ಅಳೆಯುವ ಕಡ್ಡಿಯನ್ನೂ ಎಳೆದು ನೋಡಿದೆ. ಅದರ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೀಟುಗಳಿರುತ್ತವೆ. ನಮ್ಮ ಎಣ್ಣೆ ಮೇಲಿನ ಗೀಟನ್ನೂ ದಾಟಿ ಎರಡು ಬೆರಳು ಮೇಲಿತ್ತು. ವಾಹ್, ಭರ್ತಿ ಇದೆ ಎಂದು ಖುಷಿಯಿಂದ ಕಡ್ಡಿ ವಾಪಸ್ ಇಟ್ಟೆ.

ಆ ಖುಷಿಗೆ ಕಾರಣ ನಮ್ಮ ಹೋಟೆಲು. ಅಲ್ಲಿ ಅಪ್ಪನದು ಒಂದೇ ಕಾನೂನು. ಗಿರಾಕಿಯ ಸಾಂಬಾರ್ ಬಟ್ಟಲಿನ ತಳ ಯಾವತ್ತೂ ಕಾಣಬಾರದು, ಕೇಳುವ ಮೊದಲೇ ಹಾಕಬೇಕು, ಬೇಡ ಅಂದರೂ ಸ್ವಲ್ಪ ಹಾಕಬೇಕು. ಇದರಲ್ಲಿ ಮಾವ ಎಲ್ಲರಿಗಿಂತ ಮುಂದೆ. ಅವನಿಗೆ ಹೆದರಿ ಬಟ್ಟಲಿನ ಮೇಲೆ ಅಂಗೈ ಮುಚ್ಚಿ ತಿನ್ನುವ ಗಿರಾಕಿಗಳಿದ್ದಾರೆ. ಹೀಗೆ ಬೆಳೆದ ನನಗೆ ತುಂಬಿ ತುಳುಕುವುದು ಒಂದು ದೋಷ ಆಗಬಹುದೆಂದು ಹೊಳೆಯುವುದು ಹೇಗೆ?

ಸಂಜೆ ತೀರ್ಪು ಕೊಟ್ಟೆ. “ರಿಂಗ್ ಗಯಾ, ಸೀಲ್ ಗಯಾ, ಪ್ಯಾಕಿಂಗ್ ಗಯಾ. ಟೋಟಲ್ ಇಂಜಿನ್ ವೇರ್, ಅಪ್ಪಾ.” ಸ್ವಲ್ಪ ನಿಲ್ಲಿಸಿ, ಸಿನಿಮಾ ಡಾಕ್ಟರರ ಹಾಗೆ ತಲೆ ಅಲ್ಲಾಡಿಸಿದೆ ಕೂಡ.

ಅಪ್ಪ ನನ್ನ ಮುಖ ನೋಡಿದರು. “ಸರಿಯಾಗಿ ನೋಡಿದ್ದಿಯಲ್ಲ?”

“ಹಂಡ್ರೆಡ್ ಪರ್ಸೆಂಟ್.”

ನನ್ನ ಜೀವಮಾನದಲ್ಲಿ ಅಪ್ಪ ನನ್ನ ಮಾತು ಪೂರ್ತಿ ನಂಬಿದ್ದು ಅದೇ ಮೊದಲು. ಅಲ್ಲೇ ಫೋನ್ ತೆಗೆದು ಭಂಗಾರದವನಿಗೆ ಸೋಮವಾರ ಬರಲು ಹೇಳಿದರು. ಆಗ ನನಗೆ ತಲೆಗೆ ಹೋಯಿತು, ನಾನು ಇಷ್ಟು ಚೆನ್ನಾಗಿ ವಾದ ಮಾಡಿ ಗಲ್ಲಿಗೇರಿಸಿದ್ದು ನನ್ನದೇ ಲೋಣಾವಳವನ್ನು. “ನೈಂಟಿ ಪರ್ಸೆಂಟ್ ಅಂತಲೂ ಹೇಳ್ಬಹುದು,” ಅಂದೆ. ಯಾರೂ ಕೇಳಲಿಲ್ಲ. ಅಪ್ಪ ವ್ಯಾನಿನ ಬಾಗಿಲ ಮೇಲೆ ಕೈಯಾಡಿಸುತ್ತಿದ್ದರು. ಹೋಟೆಲು ಶುರುವಾದ ವರ್ಷ ತಂದ ಗಾಡಿ ಅದು.

ಕಾಪಾಡಿದ್ದು ಮಾವ. “ಹೋಗುವವನನ್ನು ಒಮ್ಮೆ ಡಾಕ್ಟರಾದ್ರೂ ನೋಡ್ಲಿ ಭಾವ. ಮಲ್ಲಪ್ಪನನ್ನು ಕರೆಯುವ,” ಎಂದ.

ಮಲ್ಲಪ್ಪ ವಿಜಯಪುರದ ಕಡೆಯವರು, ಸ್ಟೇಷನ್ ಹಿಂದೆ ಗ್ಯಾರೇಜ್. ಭಾನುವಾರ ಮಧ್ಯಾಹ್ನ ಬಂದು ಸೀಟು ಎತ್ತಿದವರು, ಸೀದ ಅಕ್ಕಿಹಿಟ್ಟನ್ನು ಉಗುರಿನಿಂದ ಕೆರೆದು ನನ್ನನ್ನು ನೋಡಿದರು. ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ಎಳೆದು, ಬಿಸಿಲಿಗೆ ಹಿಡಿದು ಜೋರಾಗಿ ನಕ್ಕರು.

“ಸೇಠ್, ಇದು ಇಂಜಿನ್ನೋ, ಎಣ್ಣಿ ಬ್ಯಾರಲ್ಲೋ? ಕುತಗಿ ಮಟಾ ಕುಡಿಸೀರಲ್ರೀ! ಹಿಂಗಾದ್ರ ಸಂದಿ ಸಂದಿಯಾಗಿಂದ ಹೊರಗ ಬರ್ತದ, ಉಳಿದಿದ್ದು ಹೊಗಿ ಆಗ್ತದ. ಯಾರ್ ಹಾಕಿದ್ರಿ ಇಷ್ಟು?”

ಮಾವ ಕೆಮ್ಮಿದ. “ಕಲೆ ಕಂಡಿತು. ಕಡಿಮೆಯಾಗಿರ್ಬೇಕೂಂತ ಒಂದು ಲೋಟ ಹಾಕಿದೆ.” ಲೋಟವೆಂದರೆ ಹೋಟೆಲಿನ ಸ್ಟೀಲ್ ನೀರಿನ ಲೋಟ, ಎಣ್ಣೆ ಕ್ಯಾನಿಗೆ ದಾರದಲ್ಲಿ ಕಟ್ಟಿ ಹಿಂದಿನ ಸೀಟಿನಡಿ ಇಟ್ಟಿರುತ್ತಿತ್ತು.

“ನೀನೂ ಹಾಕಿದ್ಯಾ?” ಎಂದರು ಅಪ್ಪ, ಬಹಳ ಮೆಲ್ಲಗೆ. “ನಾನೂ ಒಂದು ಲೋಟ...”

ಇಬ್ಬರೂ ನನ್ನ ಕಡೆ ತಿರುಗಿದರು. ತಪ್ಪು ಒಪ್ಪುವುದು ಗುಂಪಿನಲ್ಲಿ ಎಷ್ಟು ಸುಲಭ! “ನಾನೂ ಒಂದು,” ಅಂದೆ.

“ಬಡಿಸ್ಲಿಕ್ಕೆ ಕಲಿಸಿದ್ದೀರಲ್ಲ,” ಎಂದಳು ಅಮ್ಮ ಬಾಲ್ಕನಿಯಿಂದ. “ಬಾಳೆಎಲೆ ಒಂದು ಹಾಕ್ಲಿಲ್ಲ ವ್ಯಾನಿಗೆ.”

ಮಲ್ಲಪ್ಪ ಕೆಳಗಿನ ಬೋಲ್ಟು ಸಡಿಲಿಸಿ ಅದೇ ಲೋಟ, ಆಮೇಲೆ ಗಾಳೆಯಿಂದ ತಂದ ಅದೇ ಅಳತೆಯ ಲೋಟಗಳನ್ನು ಹಿಡಿದರು. ಒಂದು ತುಂಬಿತು, ಎರಡು, ಮೂರು. ಕಡ್ಡಿ ನೋಡಿದರು. “ಇನ್ನೂ ಮ್ಯಾಲ ಅದ.” ನಾಲ್ಕನೆಯದೂ ಹೆಚ್ಚುಕಡಿಮೆ ಕಂಠದವರೆಗೆ ಬಂದ ಮೇಲೆ ಎಣ್ಣೆ ಗೀಟಿಗೆ ಇಳಿಯಿತು. ಚಾಲು ಮಾಡಿದಾಗ ಮೊದಲು ಸ್ವಲ್ಪ ನೀಲಿ ಬಂತು, ಕಾಲು ಗಂಟೆಯಲ್ಲಿ ಹೊಗೆ ಹೋಯಿತು. “ಮ್ಯಾಲಿನ ಮುಚ್ಚಳದ ಪ್ಯಾಕಿಂಗ್ ಒಂದು ಹಳೇದಾಗೇದ, ಮದಲ ಸೋರಿದ್ದು ಅದೇ. ಬದಲ್ ಮಾಡ್ತೀನಿ. ಇಂಜಿನ್ ಮುದುಕ ಆಗೇದ ಖರೆ, ಇನ್ನ ಜಗ್ಗಿ ಓಡತದ ಬಿಡ್ರಿ.” ಭಂಗಾರದವನಿಗೆ ಅಪ್ಪ ಫೋನ್ ಮಾಡಿ ಬರಬೇಡ ಅಂದರು. ಅಷ್ಟು ಸಂತೋಷದಲ್ಲೂ ಅವರ ಕಣ್ಣು ಸಾಲಾಗಿ ನಿಂತ ನಾಲ್ಕು ಲೋಟಗಳ ಮೇಲೆಯೇ ಇತ್ತು. “ಮೂವರು, ನಾಲ್ಕು ಲೋಟ. ಸುಧಾಕರ, ನಿನ್ನ ಕೈ ಒಂದಕ್ಕೆ ನಿಲ್ಲುವ ಕೈಯಲ್ಲ.”

“ದೈವದಾಣೆ ಭಾವ, ಒಂದೇ!”

“ಸಾಂಬಾರ್ ಹಾಕುವಾಗ್ಲೂ ನೀನು ಹೀಗೆಯೇ ಹೇಳುದು.”

ಅಂದಿನಿಂದ ಎಣ್ಣೆಯ ಕ್ಯಾನು ಅಮ್ಮನ ಕಪಾಟಿನಲ್ಲಿದೆ. ಮಾವನಿಗೆ ಅದರ ಹತ್ತಿರ ಹೋಗಲು ಅಪ್ಪಣೆ ಇಲ್ಲ.

ಈಗ ನನಗೆ ಹದಿನೆಂಟಾಗಿದೆ. ಕೆಂಪು ಎಲ್ ಅಂಟಿಸಿದ ವ್ಯಾನಿನಲ್ಲಿ ಭಾನುವಾರ ಮಧ್ಯಾಹ್ನ ಮಾವ ಪಕ್ಕದಲ್ಲಿ ಕೂತು, ಒಮ್ಮೆಯೂ ಬೈಯದೆ, ಕ್ಲಚ್ ಬಿಡಲು ಕಲಿಸುತ್ತಾನೆ. ಮೊನ್ನೆ ಸಿಗ್ನಲ್ಲಿನಲ್ಲಿ ನಿಂತಾಗ ಇದ್ದಕ್ಕಿದ್ದಂತೆ ಕೇಳಿದ, “ನಿನ್ನಪ್ಪ ಇನ್ನೂ ನಂಬುದಿಲ್ಲ ಮಾರಾಯ. ನಾನು ಹಾಕಿದ್ದು ಒಂದೇ ಲೋಟ. ನೀನಾದ್ರೂ ನಂಬ್ತಿಯಾ?”

“ನಂಬ್ತೇನೆ ಮಾವ,” ಅಂದೆ. ಎಷ್ಟು ಖಚಿತವಾಗಿ ಅಂದೆನೆಂದರೆ, ಅವನ ಕಣ್ಣಲ್ಲಿ ನೀರು ಬಂತು. ಕಲೆ ಕಂಡ ವಾರ ನಾನು ಎಣ್ಣೆ ಹಾಕುವುದನ್ನು ಪ್ರಥಮೇಶ ವಿಡಿಯೋ ಮಾಡಿದ್ದ. ಮೊದಲ ಸಲದ ವಿಡಿಯೋದಲ್ಲಿ ಅವನ ಹೆಬ್ಬೆರಳು ಮಾತ್ರ ಬಂದಿತ್ತು. ಹಾಗಾಗಿ ಇನ್ನೊಮ್ಮೆ ಹಾಕಿದೆ. ಎರಡನೆಯದರಲ್ಲಿ ನನ್ನ ಹೇರ್‌ಸ್ಟೈಲ್ ಕೂಡ ಚೆನ್ನಾಗಿ ಬಂದಿದೆ. ಹದಿನೆಂಟು ವರ್ಷ ಎಲ್ಲ ಗೊತ್ತಿದೆ ಎಂದುಕೊಂಡು ತಿರುಗಿದವನಿಗೆ, ನಿಜವಾಗಿ, ಪುರಾವೆ ಸಮೇತ ಗೊತ್ತಿರುವ ವಿಷಯ ಈಗ ಒಂದು ಸಿಕ್ಕಿದೆ. ಮನೆಯಲ್ಲಿ ಯಾರಾದರೂ ಅದರ ಬಗ್ಗೆ ಕೇಳಿದರೆ ಮಾತ್ರ ನನ್ನ ಬಾಯಿಂದ ಆ ಎರಡು ಶಬ್ದಗಳು ಬಹಳ ಸಲೀಸಾಗಿ ಬರುತ್ತವೆ.