ದೊಡ್ಡಮ್ಮನ ರತ್ನಗಂಬಳಿಗೆ ಅಂಟಿದ ಗಂಡಿನ ಕಡೆಯವರು

ನಮ್ಮ ದೊಡ್ಡಮ್ಮನ ಮನೆಯಲ್ಲಿ ರತ್ನಗಂಬಳಿಗಿದ್ದ ಮರ್ಯಾದೆ ದೊಡ್ಡಪ್ಪನಿಗೆ ಇರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ದೊಡ್ಡಪ್ಪ ಮಾತ್ರ ಮೊದಲ ದಿನವೇ ನಂಬಿದ್ದರು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಂದ ಮನುಷ್ಯ ಹಿತ್ತಲ ಬಾಗಿಲಿಂದ ನುಸುಳಿ, ಗೋಡೆಗೆ ಬೆನ್ನು ಸವರಿಕೊಂಡು, ಕಂಬಳಿಯ ಅಂಚನ್ನೂ ತುಳಿಯದೆ ಮಂಚ ಸೇರುತ್ತಿದ್ದರು. ದಿನಾ ಪಾತಾಳಕ್ಕೆ ಇಳಿದು ಹತ್ತಿ ಬರುವವರಿಗೆ ಸ್ವಂತ ನಡುಮನೆ ದಾಟುವುದೇ ದೊಡ್ಡ ಸಾಹಸವಾಗಿತ್ತು!

ಆ ಕಂಬಳಿ ಬಂದದ್ದು ಊರು ಬಿಟ್ಟು ಹೊರಟಿದ್ದ ಗಣಿ ಅಧಿಕಾರಿಯೊಬ್ಬರ ಬಂಗಲೆಯ ಹರಾಜಿನಿಂದ. ಮಿಕ್ಕವರೆಲ್ಲ ಕುರ್ಚಿ, ಬೀರು ಅಂತ ಕೂಗುತ್ತಿದ್ದರೆ ದೊಡ್ಡಮ್ಮ ಹಜಾರದಲ್ಲಿ ಹಾಸಿದ್ದ ಕೆಂಪು ಕಂಬಳಿಯ ಮೂಲೆ ಹಿಡಿದು ಕೂತವರು ಏಳಲೇ ಇಲ್ಲವಂತೆ. ಉರಿಗಾಂನಲ್ಲಿ ಗಣಿ ಕೆಲಸಗಾರರಿಗೆ ಕೊಟ್ಟಿದ್ದ ಪುಟ್ಟ ಲೈನ್ ಮನೆಗೆ ತಂದು ಬಿಡಿಸಿದರೆ ಅದು ನಡುಮನೆ ತುಂಬಿ, ಮಿಕ್ಕಿದ್ದು ಗೋಡೆ ಹತ್ತಿತು.

“ಇದ್ಯಾಕೆ ನಮ್ಗೆ?” ಅಂದರು ದೊಡ್ಡಪ್ಪ.

“ಸುಶೀಲನ್ನ ನೋಡಕ್ಕೆ ಬರೋರು ಬರೀ ನೆಲದ ಮ್ಯಾಲೆ ಕೂತ್ಕತಾರಾ?” ಅಂದರು ದೊಡ್ಡಮ್ಮ.

ಸುಶೀಲ ಅವರಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಅವಳ ಎಡಗೆನ್ನೆಯ ಮೇಲೆ, ಕುತ್ತಿಗೆಯವರೆಗೂ ಇಳಿದ ಒಂದು ಕಪ್ಪು ಮಚ್ಚೆ. ಅವಳ ಮದುವೆಯೊಂದು ಆಗಿಬಿಟ್ಟರೆ ಸಾಕು ಅನ್ನುವುದು ದೊಡ್ಡಮ್ಮನಿಗೆ ಹಗಲೂ ರಾತ್ರಿ ಇದ್ದ ಚಿಂತೆ. ಗಂಡಿನ ಕಡೆಯವರು ಯಾವಾಗ ಬಂದು ನಿಲ್ಲುತ್ತಾರೋ ಯಾರಿಗೆ ಗೊತ್ತು? ಆದ್ದರಿಂದ ಕಂಬಳಿ ಯಾವತ್ತೂ ಹೊಸದಾಗಿಯೇ ಇರಬೇಕಿತ್ತು.

ಬಂಗಾರಪೇಟೆಯಲ್ಲಿ ಕೆಲಸಕ್ಕಿದ್ದ ನಾನು ಭಾನುವಾರ ರೈಲು ಹತ್ತಿ ಬಂದರೆ, ಕಾಫಿ ಲೋಟಕ್ಕಿಂತ ಮೊದಲು ನನ್ನ ಕೈ ಸೇರುತ್ತಿದ್ದದ್ದು ಬಿದಿರು ಕೋಲು. ಕಂಬಳಿಯನ್ನು ಹಿತ್ತಲ ಗೋಡೆಯ ಮೇಲೆ ಹಾಕಿ ಬಡಿಯಬೇಕು. ಚಿನ್ನ ತೆಗೆದು ಮಿಕ್ಕ ಪುಡಿಮಣ್ಣು ಸುರಿದಿದ್ದ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸಿದರೆ ಇಡೀ ಉರಿಗಾಂ ಪೌಡರ್ ಬಳಿದುಕೊಂಡು ಕೂರುತ್ತಿತ್ತು. ನಾನು ಬಡಿದು ಎಬ್ಬಿಸಿದ ಧೂಳು ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆ. ಅವರು ಬಟ್ಟೆ ಕೊಡವಿದರೆ ಅದೇ ಧೂಳು ವಾಪಸ್ಸು ನಮ್ಮ ಕಂಬಳಿಗೆ. ಹೀಗೆ ಒಂದೇ ಧೂಳನ್ನು ಎರಡು ಮನೆಯವರು ಸೇರಿ ವರ್ಷಗಟ್ಟಲೆ ಸಾಕಿದೆವು.

ಧೂಳು ಹೋಗಲಿ, ಕಲೆಯ ಕಥೆ ಕೇಳಿ. ಹೆಣ್ಣು ನೋಡಲು ಬಂದವರಿಂದ ಉತ್ತರ ಬರುತ್ತಿತ್ತೋ ಇಲ್ಲವೋ, ಕಲೆಯೊಂದಂತೂ ತಪ್ಪದೆ ಉಳಿಯುತ್ತಿತ್ತು. ಮುಳಬಾಗಿಲಿನ ಕಡೆಯವರು ಕಾಫಿ ಚೆಲ್ಲಿದರು. ನಾನು ಬಟ್ಟೆ ತಂದು ತಿಕ್ಕಲು ಹೋದೆ.

“ಉಜ್ಜಬ್ಯಾಡ ಕಣ್ಲಾ, ಒತ್ತು. ಉಜ್ಜಿದ್ರೆ ಒಳಕ್ಕೆ ಇಳೀತದೆ,” ಅನ್ನುತ್ತಾ ದೊಡ್ಡಮ್ಮ ಒದ್ದೆ ಬಟ್ಟೆ ಕಿತ್ತುಕೊಂಡು, ಗಂಡಿನ ತಂದೆಯ ಎದುರು ಮಂಡಿಯೂರಿದರು. “ಸ್ವಲ್ಪ ಕಾಲೆತ್ತಿ ಸಾಮೀ.”

ಪಾಪ, ಅವರು ತಮ್ಮ ಮನೆತನದ ದೊಡ್ಡಸ್ತಿಕೆ ಹೇಳುತ್ತಾ ಇದ್ದರು. ಎರಡೂ ಕಾಲು ಗಾಳಿಯಲ್ಲಿ ಎತ್ತಿಕೊಂಡು ದೊಡ್ಡಸ್ತಿಕೆ ಹೇಳುವುದು ಅಷ್ಟು ಸುಲಭವೇ? ಮುತ್ತಾತನ ಹತ್ತಿರಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ನಿಲ್ಲಿಸಿದರು.

ಮಾಲೂರಿನ ಹುಡುಗ ಬಜ್ಜಿ ಬೀಳಿಸಿಕೊಂಡ. ಎಣ್ಣೆ ಕಲೆಗೆ ದೊಡ್ಡಮ್ಮನ ಹತ್ತಿರ ಇದ್ದ ಮದ್ದು ರಾಗಿ ಹಿಟ್ಟು. ಕಲೆ ಎಲ್ಲೆಲ್ಲಿ ಹರಡಿದೆಯೋ ಅಂತ ಅವನ ಸುತ್ತಲೂ ಬೊಗಸೆಗಟ್ಟಲೆ ಉದುರಿಸಿ, “ಇಟ್ಟು ಎಣ್ಣೆ ಕುಡೀಬೇಕು, ಅಳ್ಳಾಡಬ್ಯಾಡಪ್ಪ,” ಅಂದರು. ಹಿಟ್ಟಿನ ಮಂಡಲದ ನಡುವೆ ಒಬ್ಬನೇ ಕೂತ ಹುಡುಗ ಬೆವರತೊಡಗಿದ. ಇವರು ಮಾಟದ ಜನ ಅಂತ ಮಾಲೂರಿನಲ್ಲಿ ಸುದ್ದಿಯಾಯಿತೆಂದು ಆಮೇಲೆ ನಮ್ಮ ಕಿವಿಗೆ ಬಿತ್ತು. ಇನ್ನೊಂದು ಕಡೆಯ ಅಜ್ಜನೊಬ್ಬರು ಮಾತಿನ ಭರದಲ್ಲಿ ತಾಂಬೂಲದ ರಸ ಹಾರಿಸಿದರು. ಅದಕ್ಕೆ ಹುಳಿ ಮೊಸರು, ಆಮೇಲೆ ಅಂಟುವಾಳದ ನೊರೆ. ಆ ದಿನ ಮನೆಯಲ್ಲಿ ನಮಗೆಲ್ಲ ಮೊಸರಿಲ್ಲದ ಊಟ.

ಬಂದವರ ಹೆಸರುಗಳು ದೊಡ್ಡಮ್ಮನಿಗೆ ನೆನಪಿರುತ್ತಿರಲಿಲ್ಲ. ಕಾಫಿಯೋರು, ಬಜ್ಜಿಯೋರು, ಎಲೆ ಅಡಿಕೆಯೋರು ಅಂತಲೇ ಗುರುತು. ಎಲ್ಲರೂ ಸುಶೀಲಳ ಕೆನ್ನೆ ನೋಡುತ್ತಿದ್ದರು, ಆಮೇಲೆ ಕಂಬಳಿ ನೋಡುತ್ತಿದ್ದರು, ಆಮೇಲೆ “ಊರಿಗೋಗಿ ತಿಳಿಸ್ತೀವಿ” ಅನ್ನುತ್ತಿದ್ದರು. ಅವರ ಊರು ಅದೆಷ್ಟು ದೂರವಿತ್ತೋ, ಯಾರೂ ತಿಳಿಸಲಿಲ್ಲ.

“ಅಮ್ಮಾ, ಮುಂದಿನ ಸಲ ಬರೋರಿಗೆ ಬರೀ ನೀರು ಕೊಡು. ಕಲೆನೂ ಆಗಲ್ಲ, ನಿಂಗೆ ಕೆಲ್ಸಾನೂ ಇರಲ್ಲ,” ಅಂದಳು ಸುಶೀಲ ಒಮ್ಮೆ ನಗುತ್ತಾ. ನಾನೂ ನಕ್ಕೆ. ದೊಡ್ಡಮ್ಮ ತಲೆ ತಗ್ಗಿಸಿ ಕಂಬಳಿ ಒತ್ತುತ್ತಲೇ ಇದ್ದರು.

ಕೊನೆಗೆ ಬಂದವರು ಬೂದಿಕೋಟೆ ಕಡೆಯವರು. ಹೊಲ, ಹಸು ಇದ್ದ ಮನೆ. ಹುಡುಗ ಸಾಧು. ಅವನ ತಾಯಿ ಬಾಯಿ ತುಂಬ ಮಾತಾಡುವ ಹೆಂಗಸು. ಬಜ್ಜಿ ತಿಂದರು, ಒಂದು ಚೂರೂ ಬೀಳಲಿಲ್ಲ. ಕಾಫಿ ಕುಡಿದರು, ಒಂದು ಹನಿಯೂ ಚೆಲ್ಲಲಿಲ್ಲ. ದೊಡ್ಡಮ್ಮನ ಮುಖ ಅರಳಿತು. ಆ ತಾಯಿ ಕಂಬಳಿ ಸವರಿ ಹೊಗಳಿದ್ದೇ ತಡ, ಕಾಫಿಗೆ ತಣ್ಣೀರು, ಎಣ್ಣೆಗೆ ಹಿಟ್ಟು ಅಂತ ದೊಡ್ಡಮ್ಮ ತಮ್ಮ ವಿದ್ಯೆಯನ್ನೆಲ್ಲ ಒಪ್ಪಿಸಿಬಿಟ್ಟರು. ಈ ಸಲ ಆಗೇ ಹೋಯಿತು ಅಂತ ದೊಡ್ಡಪ್ಪ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

“ಇಷ್ಟೊಂದು ಕಲೆ ತೆಗ್ದಿದೀರಿ,” ಅಂದಿತು ಆ ತಾಯಿ, ಸುಶೀಲಳ ಕಡೆ ತಿರುಗಿ. “ಮಗೀನ ಕೆನ್ನೆಗೂ ಏನಾರ ಅಚ್ಚಬಾರ್ದಾಗಿತ್ತಾ? ಚಿಕ್ಕೋಳಿದ್ದಾಗ್ಲೇ ತೆಗ್ದಿದ್ರೆ ಓಗಿರೋದು.”

ಆಗ ನನಗೆ ಹೊಳೆಯಿತು. ಲೋಕದ ಕಲೆಗೆಲ್ಲ ಮದ್ದು ಬಲ್ಲ ಈ ಹೆಂಗಸು ಆ ಕೆನ್ನೆಗೆ ಇಷ್ಟು ವರ್ಷದಲ್ಲಿ ಒಂದು ಚಿಟಿಕೆ ಅರಿಶಿನವನ್ನೂ ಹಚ್ಚಿದ್ದನ್ನು ನಾನು ನೋಡಿರಲಿಲ್ಲ. ನೆಂಟರು ಗಂಧ ಅಂದರು, ಸೊಪ್ಪಿನ ರಸ ಅಂದರು. ಇವರು ಕಿವಿಗೇ ಹಾಕಿಕೊಂಡಿರಲಿಲ್ಲ.

“ಅದು ಕಲೆ ಅಲ್ಲ ಕಣಮ್ಮ,” ಅಂದರು ದೊಡ್ಡಮ್ಮ ಮೆಲ್ಲಗೆ. “ಇವ್ಳು ಉಟ್ಟಿದ ದಿನ ನಾನು ಮೊದ್ಲು ಮುತ್ತಿಟ್ಟಿದ್ದು ಅಲ್ಲೇ.”

ಆ ತಾಯಿ ಏನೋ ಹೇಳಲು ಹೊರಟಿತು. ದೊಡ್ಡಮ್ಮ ಎದ್ದು ನಿಂತರು. “ಬೂದಿಕೋಟೆ ಬಸ್ಸಿಗೆ ಒತ್ತಾಯ್ತು. ಓಗ್ಬನ್ನಿ.”

ಬಂದವರು ಚಪ್ಪಲಿ ಮೆಟ್ಟಿ ಹೊರಟರು. ಕೂಡಿಬರುತ್ತಿದ್ದ ಸಂಬಂಧ ಬಾಗಿಲು ದಾಟುತ್ತಿದ್ದರೂ ದೊಡ್ಡಪ್ಪ ತಡೆಯಲಿಲ್ಲ. ಸುಶೀಲ ಇನ್ನೂ ತಟ್ಟೆ ಹಿಡಿದು ಗೋಡೆಯ ಪಕ್ಕ ನಿಂತಿದ್ದಳು. ಬಂದವರ ಮುಂದೆಲ್ಲ ಅವಳು ನಿಂತದ್ದನ್ನೇ ಕಂಡಿದ್ದೆ, ಆ ಕಂಬಳಿಯ ಮೇಲೆ ಕೂತದ್ದನ್ನು ಒಂದು ದಿನವೂ ಕಂಡಿರಲಿಲ್ಲ. ದೊಡ್ಡಮ್ಮ ತಟ್ಟೆ ಇಸಿದುಕೊಂಡು, ಅವಳ ಕೈ ಹಿಡಿದು ಕಂಬಳಿಯ ನಟ್ಟನಡುವೆ ಕೂರಿಸಿ, ಪಕ್ಕದಲ್ಲೇ ಕೂತರು. ಉಳಿದಿದ್ದ ಕಾಫಿಯನ್ನು ಅವಳ ಕೈಗಿಟ್ಟರು.

“ಕುಡಿ ಮಗಾ,” ಅಂದರು. “ಎಷ್ಟೊತ್ತು ಅಂತ ನಿಂತಿರ್ತೀಯ.”