ಡಾಕ್ಟರ್ ರೇಣುಕಾ, ಹಾಜರ್!

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ಧಾರವಾಡದ ಅರ್ಧ ಜನ ಹೇಳುತ್ತಾರೆ. ಇನ್ನರ್ಧ ಜನರಿಗೆ ಅವಳ ಪರಿಚಯವಿಲ್ಲ, ಅಷ್ಟೇ!

ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿಯೇ ನಿವೃತ್ತಳಾದ ಅತ್ತೆ, ಈಗ ಮಹಡಿಯ ಮೂರು ಕೋಣೆಗಳನ್ನು ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವವರಿಗೆ ಕೊಟ್ಟಿದ್ದಾಳೆ. ಕೋಣೆ ಕೇಳಲು ಬಂದವರಿಗೆ ಒಂದೇ ಪ್ರಶ್ನೆ: "ನಿಮ್ಮ ಮನ್ಯಾಗ ಈ ಮೊದಲ ಯಾರರೆ ಕಾಲೇಜ್ ಕಟ್ಟಿ ಹತ್ಯಾರೇನ?" ಹೌದೆಂದರೆ ಕೋಣೆಯಿಲ್ಲ. ಪ್ರೊಫೆಸರರ ಮಗನೊಬ್ಬ ಅಂಕಪಟ್ಟಿ ಹಿಡಿದು ಬಂದಿದ್ದ. "ನಿನಗ ಹೇಳಿಕೊಡಾಕ ಮನಿ ತುಂಬ ಮಂದಿ ಅದಾರಪಾ, ನಾ ಯಾಕ ಬೇಕ?" ಎಂದು ಚಹಾ ಕುಡಿಸಿ ಕಳಿಸಿದಳು. ಅದೂ ಅರ್ಧ ಕಪ್ಪು.

ಗೈಡ್ ಎಂಬ ಮಾತು ಕಿವಿಗೆ ಬಿದ್ದರೆ ಅವಳಿಗೆ ಮೈಯೆಲ್ಲ ಉರಿ. "ನಮ್ಮ ಸಾಲ್ಯಾಗ ಗೈಡ್ ನೋಡಿ ಬರದ್ರ ಕೈ ಮ್ಯಾಲೆ ಕೊಡತಿದ್ವಿ. ಇಲ್ಲಿ ಗೈಡಿಗೆ ತೋರಿಸದ ಒಂದ ಸಾಲೂ ಬರ್ಯಾಂಗಿಲ್ಲಂತ! ಇದೆಂಥಾ ದೊಡ್ಡ ಓದು?"

ಕೋಣೆಗೆ ಬಂದ ದಿನದಿಂದಲೇ ಎಲ್ಲರೂ ಅವಳಿಗೆ 'ಡಾಕ್ಟರ್'. ಅದನ್ನು ನಂಬಿದ ಎದುರುಮನೆಯ ಗಂಗವ್ವ ಒಂದು ದಿನ ಕುಂಟುತ್ತ ಬಂದು, ಮೇಲಿನ ಕೋಣೆಯಿಂದ ಇಳಿಯುತ್ತಿದ್ದ ಸಂಶೋಧಕಿ ರೇಣುಕಾಳ ಮುಂದೆ ಕಾಲು ಚಾಚಿಬಿಟ್ಟಳು.

"ನಾ ಆ ಡಾಕ್ಟರ್ ಅಲ್ರೀ ಆಯಿ. ಸಾಲಿ ಬಗ್ಗೆ ಬರ್ಯಾಕತ್ತೇನಿ."

"ಅಯ್ಯ, ಹಂಗಾರ ನನ್ನ ಮೊಣಕಾಲಿಗೆ ಮಗ್ಗಿ ಕಲಸ್ತೀಯೇನ?"

ಎಲ್ಲಕ್ಕಿಂತ ಮಜಾ ಎಂದರೆ ಹಾಜರಿ. ಬೆಳಿಗ್ಗೆ ಎಂಟಕ್ಕೆ ಅವಲಕ್ಕಿ ಬಡಿಸುವ ಮುಂಚೆ ಅತ್ತೆ ಕನ್ನಡಕ ಏರಿಸಿ ಹಾಜರಿ ಪುಸ್ತಕ ತೆರೆಯುತ್ತಾಳೆ. ಮೂವತ್ತು ದಾಟಿದವರೂ ಸಾಲಿ ಮಕ್ಕಳಂತೆ "ಹಾಜರ್ರೀ ಅಕ್ಕೋರ" ಅನ್ನಬೇಕು. ಅನ್ನದಿದ್ದರೆ ಅವಲಕ್ಕಿಯಲ್ಲಿ ಶೇಂಗಾ ಇಲ್ಲ! ನೌಕರಿ ಸಿಕ್ಕು ಮನೆ ಬಿಟ್ಟವರ ಹೆಸರನ್ನೂ ಬಿಡದೆ ಕೂಗುತ್ತಾಳೆ. ಅವಳ ಮನೆಯಲ್ಲೇ ಇರುವ ನಾನು ಒಮ್ಮೆ ಕೇಳಿದೆ: "ಅವರು ಹೋಗಿ ಎರಡು ವರ್ಷ ಆತಲ್ಲ ಅತ್ತಿ, ಹೆಸರು ಹೊಡದು ಹಾಕು." "ನನ್ನ ಕಡೆ ಕೆಂಪು ಪೆನ್ನಿಲ್ಲ" ಎಂದಳು. ತಂದುಕೊಟ್ಟೆ. ಮರುದಿನ ಅದು ಕಸದ ಬುಟ್ಟಿಯಲ್ಲಿತ್ತು.

ರೇಣುಕಾಳದು ಊರೂರು ತಿರುಗಿ ಸೂಜಿ, ಪಿನ್ನು ಮಾರುವ ಅಲೆಮಾರಿ ಮನೆತನ. ಅಂಥ ಮನೆಯ ಮಕ್ಕಳ ಹೆಸರು ಶಾಲೆಯಿಂದ ಹೇಗೆ ಮಾಯವಾಗುತ್ತದೆ ಎಂಬುದೇ ಅವಳ ಸಂಶೋಧನೆ. ಎಲ್ಲರೆದುರು ನಡೆಯುವ ಕೊನೆಯ ವೈವಾ ಪರೀಕ್ಷೆಗೆ ವಾರವಿದ್ದಾಗ ಚೀಲ ಕಟ್ಟಿಕೊಂಡು ಇಳಿದು ಬಂದಳು. ಯಾವುದೋ ಸೆಮಿನಾರಿನಲ್ಲಿ ಅವಳ ಮಾತಿನ ಧಾಟಿ ಕೇಳಿ ಯಾರೋ ನಕ್ಕಿದ್ದರಂತೆ. "ಅಷ್ಟು ಮಂದಿ ಮುಂದ ನನಗ ಬಾಯಿ ಬರಾಂಗಿಲ್ರೀ ಅಕ್ಕೋರ. ನನ್ನ ಹೆಸರು ತಗೀರಿ."

ಅತ್ತೆ ಏನು ಮಾಡಿದಳು ಗೊತ್ತೇ? ರೇಣುಕಾಳ ಒಂದು ಚಪ್ಪಲಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು! ದಿನಾ ಸಂಜೆ ಅಡುಗೆಮನೆಯಲ್ಲಿ ತಾನೂ ಗಂಗವ್ವನೂ ಪರೀಕ್ಷಕರಾಗಿ ಕೂತರು. ಗಂಗವ್ವನಿಗೆ ತಿಳಿಯುವಂತೆ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಚಪ್ಪಲಿಗೆ ಬಿಡುಗಡೆ ಸಿಗಲಿಲ್ಲ.

ವೈವಾದ ದಿನ ಅತ್ತೆ ಇಳಕಲ್ ಸೀರೆಯುಟ್ಟು ಹಿಂದಿನ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ರೇಣುಕಾ ಚೆನ್ನಾಗಿಯೇ ಮಾತಾಡಿದಳು. ಕೊನೆಗೆ ಪರವೂರಿನ ಪರೀಕ್ಷಕರು ಕೇಳಿದರು: "ಹೆಸರು ತಾನಾಗಿಯೇ ಮಾಯವಾಗುತ್ತದೆಯೇ? ಅಳಿಸಿದ ಒಬ್ಬ ಶಿಕ್ಷಕರನ್ನಾದರೂ ಮಾತಾಡಿಸಿದ್ದೀರಾ?"

ರೇಣುಕಾ ಅತ್ತೆಯತ್ತ ನೋಡಿದಳು. ಆಮೇಲೆ ಮುಂದಿದ್ದ ಹಾಳೆ ತಿರುವತೊಡಗಿದಳು.

ಅತ್ತೆ ಎದ್ದು ನಿಂತಳು. "ನನ್ನ ಕೇಳ್ರಿ ಸರ್. ಅವರು ಗುಡಾರ ಕಿತ್ರು ಅಂದ್ರ ನಾಕು ದಿನ ನೋಡಿ ನಾನ ಕೆಂಪು ಗೆರಿ ಎಳೀತಿದ್ನಿ. ಆ ಕೂಸು ಯಾವೂರಿಗೆ ಹೋತು ಅಂತ ಒಂದ ದಿನಾನೂ ಕೇಳಲಿಲ್ಲರಿ."

ಆಗ ರೇಣುಕಾಳಿಗೆ ಬಾಯಿ ಬಂತು.

"ಹಂಗ ಹೆಸರು ಹೊಡದಾವ್ರನ್ನ ಕೇಳಾಕ ನನಗ ಧೈರ್ಯ ಬರಲಿಲ್ರಿ ಸರ್. ಮೂರು ಸಾಲ್ಯಾಗ ನನ್ನ ಹೆಸರು ಹೊಡದಿದ್ರು. ಐದು ವರ್ಷ ದಿನಾ ನನ್ನ ಹೆಸರು ಕರದಾವ್ರು ಇವರೊಬ್ಬರ."

ಪದವಿ ಸಿಕ್ಕಿತು. ಮರುದಿನ ಎಂಟಕ್ಕೆ ಹಾಜರಿ ಪುಸ್ತಕ ತೆರೆಯಿತು.

"ಡಾಕ್ಟರ್ ರೇಣುಕಾ!"

ಮೊದಲ ಸಲ ಅದು ಸುಳ್ಳಾಗಿರಲಿಲ್ಲ.

"ಹಾಜರ್ರೀ ಅಕ್ಕೋರ."

ಮುಂದಿನ ಹೆಸರು ಬರಲೇ ಇಲ್ಲ. ಅತ್ತೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಅಳುತ್ತಿದ್ದಳು. ಉಳಿದವರು ಕರೆಯುವುದಕ್ಕೆ ಕಾಯದೆ ಒಬ್ಬೊಬ್ಬರಾಗಿ "ಹಾಜರ್ರೀ" ಅಂದರು. ಪುಸ್ತಕದಲ್ಲಿ ಹೆಸರೇ ಇಲ್ಲದ ನಾನೂ ಅಂದೆ.