ಬೇಲಿ ಬಳಗದ ಹದಿನೇಳನೇ ಫೋಟೋ

“ಕೈ ಬೀಸಿದ್ದು ತಪ್ಪಾ?” ಎಂದು ಡೈರಿಯಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಮರಿಪೈಲಟ್ ಪೆನ್ನಿನ ತುದಿ ಕಚ್ಚುತ್ತ ಕುಳಿತಳು. ಡೈರಿ ಎಂದಿನಂತೆ ತುಟಿ ಬಿಚ್ಚಲಿಲ್ಲ.

ಅವಳು ಈ ಊರಿಗೆ ಬಂದು ಆರು ತಿಂಗಳಾಗುತ್ತ ಬಂದಿತ್ತು. ಎಪ್ಪತ್ತು ಸೀಟಿನ ಪುಟ್ಟ ವಿಮಾನದಲ್ಲಿ ಬಲಗಡೆಯ ಕುರ್ಚಿ ಅವಳದು. ಎಲ್ಲರಿಗಿಂತ ಕಿರಿಯಳು, ಮಾತೋ ಹನಿ ನೀರಾವರಿ. ಹಾಗಾಗಿ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಮರಿಪೈಲಟ್. ದಿನಕ್ಕೆ ಇನ್ನೂರ ಎಂಬತ್ತು ಜನರನ್ನು ಊರಿಂದೂರಿಗೆ ದಾಟಿಸುತ್ತಿದ್ದಳು. ಆ ಇನ್ನೂರ ಎಂಬತ್ತರಲ್ಲಿ ಒಬ್ಬರಾದರೂ “ಊಟ ಆಯ್ತಾ” ಎಂದು ಕೇಳಿದವರಿಲ್ಲ. ಕೇಳುವಂತೆಯೂ ಇರಲಿಲ್ಲ, ನಡುವೆ ಬೀಗ ಹಾಕಿದ ಬಾಗಿಲು. ಅಮ್ಮ ಮಾತ್ರ ಭಾನುವಾರ ಫೋನು ಮಾಡಿ, “ಮೇಲೆ ಗಾಳಿ ಜಾಸ್ತಿ, ಕಿಟಕಿ ಮುಚ್ಕೊಂಡು ಓಡ್ಸು” ಎನ್ನುತ್ತಿದ್ದಳು.

ಇಂಥವಳಿಗೆ ಈ ಊರಲ್ಲಿ ಇದ್ದದ್ದು ಒಬ್ಬರೇ ಒಬ್ಬರು ಪರಿಚಯದವರು. ಅವರ ಹೆಸರು ಅವಳಿಗೆ ಗೊತ್ತಿಲ್ಲ, ದನಿ ಕೇಳಿಲ್ಲ. ಬೆಳಗಿನ ಹತ್ತೂವರೆಗೆ ವಿಮಾನ ಇಳಿದು ಬಲಕ್ಕೆ ತಿರುಗುವ ಕಡೆ, ತಂತಿಬೇಲಿಯಾಚೆ ಏಣಿ ಹತ್ತಿ ಕ್ಯಾಮೆರಾ ಹಿಡಿದು ನಿಂತ ಮನುಷ್ಯನೊಬ್ಬ ಜೋರಾಗಿ ಕೈ ಬೀಸುತ್ತಿದ್ದ. ಮೊದಲ ದಿನ ಅವಳು, ಯಾರಿಗಿರಬಹುದು ಎಂದು ಹಿಂದೆ ತಿರುಗಿ ನೋಡಿದ್ದಳು. ಹಿಂದೆ ಇದ್ದದ್ದು ಬೆಂಕಿ ಆರಿಸುವ ಸಿಲಿಂಡರು. ಎರಡನೆಯ ದಿನ, ಎಡಗಡೆಯ ಕುರ್ಚಿಯ ಕ್ಯಾಪ್ಟನ್ ತಮ್ಮ ಕಿಟಕಿಯತ್ತ ನೋಡುತ್ತಿದ್ದಾಗ, ಅವಳೂ ಕೈ ಬೀಸಿದಳು. ಆಮೇಲೆ ಅದೇ ರೂಢಿಯಾಯಿತು. ಡೈರಿಯ ತುಂಬ ಅದೇ: “ಇವತ್ತೂ ಬೀಸಿದರು.” “ಇವತ್ತು ಎರಡು ಸಲ.” “ಇವತ್ತು ಬೀಸಲಿಲ್ಲ. ಜ್ವರವೋ ಏನೋ.”

ತೊಂದರೆ ಏನೆಂದರೆ, ಕಂಪನಿಯ ಪೈಲಟ್‌ಗಳಿಗೆಲ್ಲ ಯಜಮಾನರಾದ ದೊಡ್ಡ ಕ್ಯಾಪ್ಟನ್ ಒಂದು ಸುತ್ತೋಲೆ ಹೊರಡಿಸಿದ್ದರು: “ಚಕ್ರ ಉರುಳುತ್ತಿರುವಷ್ಟು ಹೊತ್ತು ಪೈಲಟ್‌ಗಳ ಕಣ್ಣು, ಕಿವಿ, ಕೈ ಮೂರೂ ಕೆಲಸದ ಮೇಲಿರತಕ್ಕದ್ದು.” ಚಕ್ರ ಉರುಳುವಾಗ ಸೆಲ್ಫಿ ತೆಗೆದುಕೊಂಡವನೊಬ್ಬ ಈಗ ಸೋದರಮಾವನ ಅಂಗಡಿಯಲ್ಲಿ ಫ್ಯಾನು ಮಾರುತ್ತಿದ್ದ. ಅವಳ ಕೆಲಸ ಖಾಯಮ್ಮೋ ಅಲ್ಲವೋ ಎಂಬ ಕಾಗದಕ್ಕೆ ದೊಡ್ಡ ಕ್ಯಾಪ್ಟನ್ ಸಹಿ ಹಾಕಬೇಕಿದ್ದದ್ದು ನಾಳೆ.

ಆದರೂ ಈವರೆಗೆ ಆ ಗುಟ್ಟು ಡೈರಿಗೂ ಅವಳಿಗೂ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಹಾಗಂದುಕೊಂಡಿದ್ದಳು, ಮಹಡಿ ಮೆಟ್ಟಿಲ ಮೇಲೆ ಮನೆ ಓನರಮ್ಮನ ಚಪ್ಪಲಿ ಸದ್ದಾಗುವವರೆಗೆ.

“ಏನಮ್ಮಾ, ಇಷ್ಟು ದೊಡ್ಡ ವಿಷಯಾನ ಬಾಯಿ ಮುಚ್ಕೊಂಡು ಇಟ್ಕೊಂಡಿದ್ದೀಯಲ್ಲ!” ಓನರಮ್ಮ ಬಾಗಿಲು ತಟ್ಟದೆ ಒಳಗೆ ಬಂದು, ಒಂದು ಕರಪತ್ರ ಮಂಚದ ಮೇಲೆ ಎಸೆದರು. “ಸಮುದಾಯ ಭವನದಲ್ಲಿ ಫೋಟೋ ಜೋಡಿಸ್ತಾ ಇದ್ರು. ಹದಿನೇಳನೇ ನಂಬರಿಂದು ನೀನೇ! ಕರೀ ಕನ್ನಡಕ, ತಲೆಗೆ ಹೆಡ್‌ಫೋನು. ಬೇರೆ ಯಾರಿಗೂ ಗೊತ್ತಾಗಲ್ಲ ಬಿಡು, ದಿನಾ ಮೆಟ್ಟಿಲು ಇಳಿಯೋದು ನೋಡೋ ನನಗೆ ಗೊತ್ತಾಗಲ್ವಾ? ಕಿಟಕೀಲಿ ಹಿಂಗೆ ಕೈ ಎತ್ತಿದ್ದೀಯ, ಬಸ್ಸು ನಿಲ್ಸೋರ ಥರ.”

ಮರಿಪೈಲಟ್ ಕರಪತ್ರ ಓದಿದಳು. ‘ಬೇಲಿ ಬಳಗ’ದವರ ವಿಮಾನ ಛಾಯಾಚಿತ್ರ ಪ್ರದರ್ಶನ. ಇಂದು ಸಂಜೆ ಐದಕ್ಕೆ ಉದ್ಘಾಟನೆ. ಮುಖ್ಯ ಅತಿಥಿ ದೊಡ್ಡ ಕ್ಯಾಪ್ಟನ್.

ಇಳಿಯುವಾಗ ಒಂದು ಇಂಜಿನ್ ನಿಂತರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಎರಡೂ ನಿಂತರೂ ಗೊತ್ತಿತ್ತು. ಇದಕ್ಕೆ ಯಾವ ಪುಸ್ತಕದಲ್ಲೂ ಪುಟವಿರಲಿಲ್ಲ.

ಹೇಗೂ ಅಂದು ರಜೆ. ಕಡೆಗೆ ಒಂದು ವಾಕ್ಯ ತಯಾರಿಸಿದಳು: “ದಯವಿಟ್ಟು ಹದಿನೇಳನೇ ಫೋಟೋ ತೆಗೆದುಬಿಡಿ.” ಅದನ್ನು ಡೈರಿಯಲ್ಲಿ ಬರೆದು, ಬಸ್ಸಿನುದ್ದಕ್ಕೂ ಗುನುಗಿ, ರನ್‌ವೇ ಮುಗಿಯುವ ಕಡೆ ತಗಡಿನ ಗೋದಾಮಿನ ಪಕ್ಕ ಇಳಿದಳು. ಬೇಲಿಯ ಬಳಿ ಅದೇ ಏಣಿ, ಮೇಲೆ ಅದೇ ಮನುಷ್ಯ! ಆರು ತಿಂಗಳು ಹೆಬ್ಬೆರಳಿನಷ್ಟೇ ಕಂಡವರು ಈಗ ಪೂರ್ತಿ ಆಳಾಗಿ, ಮೊಣಕಾಲು ನೋವಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಹಿಂದೆ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವರಂತೆ. ಕಸುಬು ಬಿಟ್ಟರೂ ಏಣಿ ಬಿಟ್ಟಿರಲಿಲ್ಲ. ಎಲ್ಲರೂ ಏಣಿಮಾಮ ಎನ್ನುತ್ತಿದ್ದರು. ಕೆಳಗೆ ಮಡಚುಕುರ್ಚಿಯಲ್ಲಿ ಟೀಚರಮ್ಮ, ಗಣಿತ ಹೇಳಿಕೊಟ್ಟು ನಿವೃತ್ತರಾದವರು, ತೊಡೆಯ ಮೇಲೆ ಹಾಜರಿ ಪುಸ್ತಕ. ಮಕ್ಕಳ ಹೆಸರಿರಬೇಕಾದ ಕಡೆ ವಿಮಾನಗಳ ಬಾಲದ ನಂಬರು.

“ಮಾಮ, ದಯವಿಟ್ಟು...” ಎಂದಳು ಮರಿಪೈಲಟ್.

“ದಯೆ ಗಿಯೆ ಆಮೇಲೆ. ಮೊದ್ಲು ಏಣಿ ಹಿಡ್ಕೋ, ಬರ್ತಾ ಇದೆ!”

ಏಣಿ ಹಿಡಿದಳು. ಒಂದು ಬಂತು, ಒಂದು ಹೋಯಿತು, ಮತ್ತೆರಡು ಬಂದವು. ಬಾಯಿ ತೆರೆದಾಗಲೆಲ್ಲ ತಲೆಯ ಮೇಲೊಂದು ಗುಡುಗುತ್ತಿತ್ತು. ಅಷ್ಟರಲ್ಲಿ ಟೀಚರಮ್ಮ ಅವಳನ್ನು ಹೊಸ ಸದಸ್ಯೆ ಎಂದು ಪುಸ್ತಕದಲ್ಲಿ ಬರೆದುಕೊಂಡಾಗಿತ್ತು.

“ಏನು ಕೆಲಸ ಮಗಳೇ ನಿಂದು?” ಎಂದು ಕೇಳಿದರು ಏಣಿಮಾಮ.

“ಡ್ರೈವರ್...” ಎಂದಳು. ಬೇರೆ ಪದ ಹೊಳೆಯಲಿಲ್ಲ.

“ಯಾವ ಗಾಡಿ?”

“ಪ್ಯಾಸೆಂಜರ್ದು. ಎಪ್ಪತ್ತು ಸೀಟು.”

“ಅಬ್ಬಬ್ಬಾ, ಅಷ್ಟುದ್ದದ ಬಸ್ಸಾ! ನೀನಿರೋದು ನೋಡಿದ್ರೆ ಕಡ್ಡಿ ಥರ. ರಸ್ತೆ ಹೇಗಿದೆ ಈಚೆಗೆ?”

“ಕುಲುಕಾಟ ಜಾಸ್ತಿ,” ಎಂದಳು ಮರಿಪೈಲಟ್, ಸುಳ್ಳಾಡದೆ.

“ಕುಲುಕಾಟ ಅಂದ್ರೆ ನಿನ್ನೆ ನೋಡ್ಬೇಕಿತ್ತು ನೀನು,” ಏಣಿಮಾಮ ಮೇಲಿಂದಲೇ ನಕ್ಕರು. “ಹತ್ತೂವರೇದು ಇಳೀತಲ್ಲ, ಲಾರಿಯಿಂದ ಮೂಟೆ ಒಗೆದ ಹಾಗೆ! ನನ್ನ ಏಣಿ ಒಂದು ಗೇಣು ಹಾರ್ತು.”

“ನಾನು ಹತ್ತಕ್ಕೆ ಮೂರು ಕೊಟ್ಟಿದ್ದೀನಿ,” ಎಂದರು ಟೀಚರಮ್ಮ. “ಅದೂ ಚಕ್ರ ಕಳಚಿ ಬೀಳ್ಲಿಲ್ಲ ಅಂತ.”

ನಿನ್ನೆ ಹತ್ತೂವರೆಯದನ್ನು ಇಳಿಸಿದವಳು ಏಣಿಯ ಕಾಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

ಆಮೇಲೆ ಮಾತು ಪೈಲಟ್‌ಗಳ ಕಡೆ ತಿರುಗಿತು. ಪ್ರದರ್ಶನದ ಪುಸ್ತಿಕೆಗೆಂದು ಟೀಚರಮ್ಮ ‘ವಿಮಾನದ ಫೋಟೋ ತೆಗೆಯುವವರ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ನಲವತ್ತು ಪೈಲಟ್‌ಗಳಿಗೆ ಪತ್ರ ಬರೆದಿದ್ದರಂತೆ. ಬಂದ ಉತ್ತರ ಮೂರು. ಒಬ್ಬರು ಫ್ಲಾಶ್ ಹಾಕಬೇಡಿ ಎಂದಿದ್ದರು. ಒಬ್ಬರು ತಮ್ಮದೇನಾದರೂ ಚೆನ್ನಾಗಿ ಬಂದಿದ್ದರೆ ಒಂದು ಪ್ರತಿ ಕಳಿಸಿ, ಹೆಂಡತಿಗೆ ತೋರಿಸಬೇಕು ಎಂದಿದ್ದರು. ಮೂರನೆಯವರು ಪ್ರಾಮಾಣಿಕರು: “ನೀವು ಅಲ್ಲಿ ನಿಂತಿರುತ್ತೀರೆಂದು ನಿಮ್ಮ ಪತ್ರದಿಂದಲೇ ತಿಳಿಯಿತು.”

“ಅವರ ಲೆಕ್ಕದಲ್ಲಿ ನಾವು ಬೇಲಿ ಮೇಲಿನ ಕಾಗೆಗಳು,” ಎಂದರು ಏಣಿಮಾಮ. “ಇಂಜಿನ್ನಿಗೆ ಸಿಕ್ಕಿಹಾಕ್ಕೊಳ್ದೆ ಇದ್ರೆ ಸಾಕು.”

ಆ ಪತ್ರ ಮರಿಪೈಲಟ್‌ಗೂ ಬಂದಿತ್ತು. ನಾಲ್ಕು ಪುಟ ಉತ್ತರ ಬರೆದಿದ್ದಳು. ಅದು ಡೈರಿಯಲ್ಲೇ ಉಳಿದಿತ್ತು. ಈಗ ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು.

“ಮಾಮ, ಹತ್ತೂವರೇದು ತಿರುಗುವಾಗ... ನೀವು ಅದಕ್ಕೆ ಕೈ ಬೀಸ್ತೀರಲ್ವಾ?”

“ನಾನಾ?” ಏಣಿಮಾಮ ಬಗ್ಗಿ ನೋಡಿದರು. “ಯಾಕಮ್ಮ ಬೀಸ್ಲಿ? ಅದು ಟೀಚರಮ್ಮಂಗೆ ಸರ್ಕೊಳ್ಳಿ ಅಂತ ಹೇಳೋದು. ಸರಿಯಾಗಿ ಫೋಟೋ ಹೊತ್ತಿಗೆ ಕೊಡೆ ಬಿಚ್ಕೊಂಡು ಚೌಕಟ್ಟಿನೊಳಗೆ ಬಂದ್ಬಿಡ್ತಾರೆ!”

“ಬಿಸಿಲಲ್ಲಿ ಸಾಯ್ಲಾ ಹಂಗಾದ್ರೆ?” ಎಂದರು ಟೀಚರಮ್ಮ.

ಇಬ್ಬರೂ ನಕ್ಕರು. ಮರಿಪೈಲಟ್ ಕೂಡ ನಕ್ಕಳು. ಎಲ್ಲರಿಗಿಂತ ತಡವಾಗಿ ನಿಲ್ಲಿಸಿದಳು, ಏಕೆಂದರೆ ನಿಲ್ಲಿಸಿದ ಮೇಲೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಡೈರಿಯ ಅಷ್ಟೂ ಪುಟಗಳು, “ಇವತ್ತೂ ಬೀಸಿದರು”, “ಇವತ್ತು ಎರಡು ಸಲ”, ಎಲ್ಲ ಒಂದು ಕೊಡೆಗೆ ಸೇರಿದ್ದು. ಬಿಸಿಲಿದ್ದ ದಿನ ಎರಡು ಸಲ. ಮೋಡವಿದ್ದ ದಿನ ಇಲ್ಲ.

ಮಧ್ಯಾಹ್ನ ಏಣಿಯನ್ನು ಸಮುದಾಯ ಭವನಕ್ಕೆ ಹೊತ್ತವಳೂ ಅವಳೇ. ಒಳಗೆ ಕಾಲಿಟ್ಟೊಡನೆ ಎದುರಿಗೇ ಹದಿನೇಳನೇ ನಂಬರು. ಬಾಗಿಲಗಲದ ಫೋಟೋ. ಕಾಕ್‌ಪಿಟ್ಟಿನ ಗಾಜಿನ ಹಿಂದೆ ಅವಳೇ, ಕನ್ನಡಕ, ಹೆಡ್‌ಫೋನು, ಮೇಲೆತ್ತಿದ ಅಂಗೈ. ಅಂಗೈಯ ಗೆರೆ ನೋಡಿ ಭವಿಷ್ಯ ಹೇಳಬಹುದಿತ್ತು, ಅಷ್ಟು ಸ್ಪಷ್ಟ.

ಯಾರೂ ನೋಡದಾಗ ಅವಳು ಅದನ್ನು ಗೋಡೆಗೆ ಮುಖ ಮಾಡಿಸಿದಳು. “ಯಾವ ಪುಣ್ಯಾತ್ಮರಪ್ಪ ಇದು!” ಎನ್ನುತ್ತ ಟೀಚರಮ್ಮ ತಿರುಗಿಸಿಟ್ಟರು. ಆಮೇಲೆ ಅದರ ಮೇಲೆ ತನ್ನ ಕೋಟು ನೇತುಹಾಕಿದಳು. ಅಷ್ಟರಲ್ಲಿ ಬಂದ ಓನರಮ್ಮ, “ಇದೇನು ಬಟ್ಟೆ ಒಣಗಿಸೋ ಜಾಗಾನಾ?” ಎಂದು ಕೋಟು ಕಿತ್ತು ಅವಳ ಹೆಗಲಿಗೇ ಹಾಕಿ ಹೋದರು. ಕಡೆಗೆ ಚೌಕಟ್ಟನ್ನೇ ಮೊಳೆಯಿಂದ ಬಿಡಿಸಲು ಏಣಿ ಹತ್ತಿದಳು. “ಹಾಂ, ಹಾಗೇ ಬಲಕ್ಕೆ ಸ್ವಲ್ಪ ಎತ್ತು, ವಾಲಿತ್ತು ಅದು!” ಎಂದು ಏಣಿಮಾಮ ಕೆಳಗಿಂದ ಕೂಗಿದರು. ಸ್ವಲ್ಪ ಎತ್ತಿ, ನೇರ ಮಾಡಿ, ಇಳಿದಳು. ಸಭಾಂಗಣದಲ್ಲಿ ಅದರಷ್ಟು ನೇರವಾದ ಫೋಟೋ ಇನ್ನೊಂದಿರಲಿಲ್ಲ.

ಐದು ಹೊಡೆಯಿತು. ಉಳಿದದ್ದು ಒಂದೇ ದಾರಿ. ಫೋಟೋಗೆ ಬೆನ್ನು ಕೊಟ್ಟು, ಕೋಟು ಅಗಲಿಸಿಕೊಂಡು, ಬೀರುವಿನ ಹಾಗೆ ನಿಂತುಬಿಟ್ಟಳು. ಟೀಚರಮ್ಮ ಎಲ್ಲ ಫೋಟೋಗಳ ಕೆಳಗೆ ಶೀರ್ಷಿಕೆಯ ಚೀಟಿ ಅಂಟಿಸುತ್ತ ಬಂದು, ಅವಳ ಸೊಂಟದ ಸಂದಿಯಲ್ಲೇ ಕೈ ತೂರಿಸಿ ಹದಿನೇಳರದ್ದನ್ನೂ ಅಂಟಿಸಿ ಹೋದರು. ಮರಿಪೈಲಟ್ ಹಿಂದಿರುಗಿ ನೋಡಲಿಲ್ಲ. ನೋಡಲು ಜರುಗಬೇಕಿತ್ತು.

ದೊಡ್ಡ ಕ್ಯಾಪ್ಟನ್ ಬಂದರು. ಇಸ್ತ್ರಿಯ ಗೆರೆ ಹೆಚ್ಚು ನೇರವೋ ಅವರು ಹೆಚ್ಚು ನೇರವೋ ಹೇಳುವುದು ಕಷ್ಟ. ಹದಿನೈದನೇ ಫೋಟೋ ಆಯಿತು, ಹದಿನಾರಾಯಿತು.

“ಸ್ವಲ್ಪ ಪಕ್ಕಕ್ಕೆ ಬಾಮ್ಮ.” ಆಮೇಲೆ ಹುಬ್ಬು ಮೇಲೆ ಹೋಯಿತು. “ಅರೆ, ನೀನಾ? ನೀನಿಲ್ಲೇನು ಮಾಡ್ತಿದ್ದೀಯ?”

ಅವಳು ಬಾಯಿ ತೆರೆಯುವುದರೊಳಗೆ ಓನರಮ್ಮ ಜನರನ್ನು ಸೀಳಿಕೊಂಡು ಬಂದರು. “ನಮ್ಮನೆ ಮಹಡಿ ಹುಡುಗಿ ಸಾರ್! ಆ ಫೋಟೋದಲ್ಲಿರೋದು ಇವಳೇ! ನಾಚಿಕೆ ಇವಳಿಗೆ, ಅದಕ್ಕೇ ಮುಚ್ಕೊಂಡು ನಿಂತಿದ್ದಾಳೆ. ಸರೀ ಈಚೆಗೆ!” ಎಂದು ರಟ್ಟೆ ಹಿಡಿದು ಎಳೆದರು.

ಏಣಿಮಾಮ ಕಣ್ಣು ಕಣ್ಣು ಬಿಟ್ಟರು. “ಬಸ್ಸು ಅಂದ್ಯಲ್ಲ ತಾಯಿ?” ಟೀಚರಮ್ಮನ ಕೈ ತಾನಾಗಿ, ಹತ್ತಕ್ಕೆ ಮೂರು ಬರೆದಿದ್ದ ಹಾಜರಿ ಪುಸ್ತಕವನ್ನು ಬೆನ್ನ ಹಿಂದಕ್ಕೆ ಒಯ್ದಿತು.

ದೊಡ್ಡ ಕ್ಯಾಪ್ಟನ್ ಫೋಟೋ ನೋಡಿದರು. ಮೇಲೆತ್ತಿದ ಅಂಗೈ ನೋಡಿದರು. ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ನೋಡಿದರು. ಮರಿಪೈಲಟ್ ಕಣ್ಣ ಮುಂದೆ ಫ್ಯಾನಿನ ಅಂಗಡಿಯೊಂದು ಗಿರ್ರನೆ ತಿರುಗಿತು. ಆಮೇಲೆ ಅವರು ಬಗ್ಗಿ, ಕೆಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದರು:

“‘ಇಳಿದ ಕೂಡಲೇ ಕಿಟಕಿಯ ಗಾಜು ಒರೆಸುತ್ತಿರುವ ಸಹಪೈಲಟ್.’”

ಓದಿ, ನೆಟ್ಟಗಾಗಿ ಅವಳತ್ತ ತಿರುಗಿದರು.

“ಭೇಷ್!” ಎಂದರು ದೊಡ್ಡ ಕ್ಯಾಪ್ಟನ್. “ಇದು ನೋಡಿ ಕೆಲಸದ ಮೇಲೆ ಕೈ ಅಂದ್ರೆ! ಸುತ್ತೋಲೆ ಮೇಲೆ ಸುತ್ತೋಲೆ ಹಾಕಿದೆ, ಗಾಜು ಒರೆಸಿದವರನ್ನ ನಾನು ಇವತ್ತೇ ನೋಡಿದ್ದು. ನಾಳೆ ನಿನ್ನ ಕಾಗದ ಬರುತ್ತಲ್ಲ, ಓದೋದೂ ಇಲ್ಲ ನಾನು, ಸಹಿ ಹಾಕ್ತೀನಿ. ಸರಿನಾ?”

ಚಪ್ಪಾಳೆ ಬಿತ್ತು. ಓನರಮ್ಮ ತಾವೇ ಒರೆಸಿದಂತೆ ಕೈಮುಗಿದರು. ಮರಿಪೈಲಟ್‌ಗೆ ಮೈ ಹಗುರವಾಯಿತು. ಬದುಕಿದೆ! ಇನ್ನು ತಲೆಯಾಡಿಸಿದರೆ ಮುಗಿಯಿತು. ಜೀವಮಾನವಿಡೀ ಅವಳು ಚೆನ್ನಾಗಿ ಮಾಡಿದ ಕೆಲಸವೆಂದರೆ ಸುಮ್ಮನೆ ತಲೆಯಾಡಿಸುವುದು.

“ಮೊದ್ಲು ನಾನು ಕೈ ಬೀಸ್ತಿದ್ದಾರೆ ಅಂದ್ಕೊಂಡೆ ಸಾರ್,” ಎಂದರು ಏಣಿಮಾಮ ಉತ್ಸಾಹದಲ್ಲಿ. “ಟೀಚರಮ್ಮ ಬೈದ್ರು, ನಿಮಗ್ಯಾಕೆ ಬೀಸ್ತಾರ್ರೀ ಅಂತ. ಅದೂ ನಿಜ. ಹದಿನೆಂಟು ವರ್ಷ ಆಯ್ತು ನಿಂತ್ಕೊಂಡು. ಮೊದಮೊದಲು ನಾನೇ ಬೀಸ್ತಿದ್ದೆ, ದಿನಾ. ಒಬ್ರೂ ತಿರುಗಿ ಬೀಸ್ಲಿಲ್ಲ. ಕಾಣ್ಸಲ್ಲ ಅನ್ಸುತ್ತೆ ಅಲ್ಲಿಗೆ. ಆಮೇಲೆ ಒಂದು ದಿನ ಕೈ ಇಳಿಸ್ಬಿಟ್ಟೆ.” ಅವರು ನಕ್ಕರು. ಆ ನಗು ಎಲ್ಲರಿಗಿಂತ ತಡವಾಗಿ ನಿಂತಿತು.

“ಬನ್ನಿ, ಹದಿನೆಂಟನೇದು ನೋಡೋಣ,” ಎಂದು ದೊಡ್ಡ ಕ್ಯಾಪ್ಟನ್ ಮುಂದಕ್ಕೆ ಹೆಜ್ಜೆ ಇಟ್ಟರು.

“ಸಾರ್.”

ಎಲ್ಲರೂ ತಿರುಗಿದರು. ಓನರಮ್ಮನಿಗೆ ಅದು ಯಾರ ದನಿಯೆಂದೇ ಗೊತ್ತಾಗಲಿಲ್ಲ.

“ನಾನು ಗಾಜು ಒರೆಸ್ತಾ ಇರ್ಲಿಲ್ಲ ಸಾರ್,” ಎಂದಳು ಮರಿಪೈಲಟ್. “ಮಾಮಂಗೆ ಕೈ ಬೀಸ್ತಾ ಇದ್ದೆ. ದಿನಾ ಬೀಸ್ತೀನಿ.”